ಮಿಸ್ಸಿಸ್ಸಾಗಾದಲ್ಲಿ ಹಾಡಿದ ವಚನ ಕೆನಡಾದ ಹಾಡಾಗುತ್ತದೆಯೇ?

ಓದುಗರ ಪ್ರಶ್ನೆ:

"ನಮ್ಮೂರು ಧಾರವಾಡ. ಒಂಬತ್ತು ವರ್ಷದಿಂದ ಕೆನಡಾದ ಮಿಸ್ಸಿಸ್ಸಾಗಾದಲ್ಲಿ ಇದ್ದೇನೆ. ಪಿಆರ್, ಅಂದರೆ ಕಾಯಂ ವಾಸದ ಅನುಮತಿ ಇದೆ, ಪೌರತ್ವ ಇನ್ನೂ ಸಿಕ್ಕಿಲ್ಲ. ಹಗಲು ಬ್ಯಾಂಕಿನ ಕೆಲಸ, ಶನಿವಾರ ಭಾನುವಾರ ಹಾಡು. ವಚನ, ಶರೀಫರ ತತ್ವಪದ, ಜೊತೆಗೆ ಒಂದೆರಡು ಸ್ವಂತ ಭಾವಗೀತೆ. ನನ್ನ ಯೂಟ್ಯೂಬ್ ಚಾನೆಲ್ ನೋಡುವ ಹತ್ತರಲ್ಲಿ ಒಂಬತ್ತು ಜನ ಕರ್ನಾಟಕದವರೇ. ಸ್ಪಾಟಿಫೈಗೂ ಹಾಕಿದೆ. ಒಂದು ಹಾಡನ್ನು 800 ಸಲ ಕೇಳಿದ್ದಾರೆ, ಒಂದು ಸೆಂಟ್ ಕೂಡ ಬಂದಿಲ್ಲ. ಇಲ್ಲಿನ ಹೊಸ ಸ್ಟ್ರೀಮಿಂಗ್ ಕಾನೂನಿನ ಬಗ್ಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರ ವಿಡಿಯೊ ಮೇಲೆ ಬರಬೇಕು ಅಂತ ಇನ್ನು ಸರ್ಕಾರವೇ ತೀರ್ಮಾನಿಸುತ್ತದಂತೆ, ನಾವೆಲ್ಲ ನೋಂದಣಿ ಮಾಡಿಸಬೇಕಂತೆ, ಫೇಸ್‌ಬುಕ್‌ನಲ್ಲಿ ಸುದ್ದಿ ನಿಂತಿದ್ದೂ ಇದರಿಂದಲೇ ಅಂತೆ. ಇನ್ನೊಬ್ಬರು, ಕಂಪನಿಗಳಿಂದ ಹಣ ವಸೂಲಿ ಮಾಡಿ ಕಲಾವಿದರಿಗೆ ಹಂಚುತ್ತಾರೆ ಅನ್ನುತ್ತಾರೆ. ಕನ್ನಡದಲ್ಲಿ ಹಾಡುವ ನನ್ನಂಥವಳಿಗೆ ಇದರಲ್ಲಿ ಏನಾದರೂ ಇದೆಯಾ? ಇಲ್ಲಾ, ಇರುವ ಊರಿನ ಕೇಳುಗರೇ ಕೈತಪ್ಪುತ್ತಾರಾ? ಕರ್ನಾಟಕದಲ್ಲೂ ಒಟಿಟಿ ಮೇಲೆ ಸೆಸ್ ಬಂದಿದೆಯಂತಲ್ಲ, ಅದೂ ಇದೂ ಒಂದೇನಾ?"

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಭಯ ಒಟ್ಟಿಗೆ ಸೇರಿಕೊಂಡಿವೆ. ಈ ದೇಶ ತನ್ನ ಕಲಾವಿದರು ಅಂತ ಲೆಕ್ಕ ಹಾಕುವಾಗ ನನ್ನನ್ನು ಬಿಟ್ಟುಬಿಡುತ್ತದಾ ಅನ್ನುವುದು ಒಂದು. ಲೆಕ್ಕಕ್ಕೆ ಸೇರಿಸಿಕೊಂಡರೆ ಊರಿನವರಿಂದ ದೂರ ಮಾಡುತ್ತದಾ ಅನ್ನುವುದು ಇನ್ನೊಂದು. ಕಲಾವಿದರ ಕರಾರು, ಹಕ್ಕು, ಅನುದಾನದ ಅರ್ಜಿ, ಇವೇ ನನ್ನ ಹದಿನಾರು ವರ್ಷದ ಕೆಲಸ. ಈ ಎರಡೂ ಮಾತನ್ನು ಪಂಜಾಬಿ ಹಾಡುವವರಿಂದ, ತಮಿಳು ಹಾಡುವವರಿಂದ, ನಮ್ಮವರಿಂದ ಎಷ್ಟೋ ಸಲ ಕೇಳಿದ್ದೇನೆ.

ಮೊದಲು ವಾಟ್ಸಾಪ್ ಮಾತುಗಳನ್ನು ಬೇರೆ ಬೇರೆ ಮಾಡೋಣ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಕೆನಡಾದವರಿಗೆ ಸುದ್ದಿ ಕಾಣಿಸದೆ ಹೋದದ್ದು 2023ರ ಆಗಸ್ಟ್‌ನಿಂದ. ಅದಕ್ಕೆ ಕಾರಣ ಆನ್‌ಲೈನ್ ನ್ಯೂಸ್ ಆ್ಯಕ್ಟ್ ಅನ್ನುವ ಬೇರೆಯೇ ಕಾನೂನು. ಸುದ್ದಿಸಂಸ್ಥೆಗಳಿಗೆ ದುಡ್ಡು ಕೊಡಿ ಎಂದು ಅದು ಹೇಳಿತು. ಮೆಟಾ ಕಂಪನಿ ದುಡ್ಡು ಕೊಡುವ ಬದಲು ಸುದ್ದಿಯನ್ನೇ ತೆಗೆದುಹಾಕಿತು. ನೀವು ಕೇಳುತ್ತಿರುವುದು ಆನ್‌ಲೈನ್ ಸ್ಟ್ರೀಮಿಂಗ್ ಆ್ಯಕ್ಟ್ ಬಗ್ಗೆ. ಅದಕ್ಕೆ ಅಂಕಿತ ಬಿದ್ದದ್ದು 2023ರ ಏಪ್ರಿಲ್ 27ರಂದು. ಎರಡೂ ಒಂದೇ ಹೊತ್ತಿಗೆ ಬಂದವು, ಹಾಗಾಗಿ ಜನರ ಬಾಯಲ್ಲಿ ಒಂದೇ ಆಗಿಬಿಟ್ಟಿವೆ.

ನೋಂದಣಿ ನಿಮಗಿಲ್ಲ. ಕೆನಡಾದಲ್ಲಿ ವರ್ಷಕ್ಕೆ 1 ಕೋಟಿ ಡಾಲರ್ ಅಥವಾ ಜಾಸ್ತಿ ಆದಾಯ ಇರುವ ಸ್ಟ್ರೀಮಿಂಗ್ ಸೇವೆಗಳು ಮಾತ್ರ ನೋಂದಾಯಿಸಿಕೊಳ್ಳಬೇಕು. ಒಬ್ಬ ಗಾಯಕಿ ತನ್ನ ಚಾನೆಲ್‌ಗೆ ಹಾಡು ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಆ 800 ಸಲದ ವಿಷಯಕ್ಕೂ ಕಾನೂನಿಗೂ ಸಂಬಂಧವಿಲ್ಲ. ಅದು ಸ್ಪಾಟಿಫೈ ತಾನೇ ಮಾಡಿಕೊಂಡ ನಿಯಮ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ರೆಕಾರ್ಡಿಂಗ್ ಹಣ ಕೊಡುವುದಿಲ್ಲ. ಸಣ್ಣ ಭಾಷೆಗಳಿಗೆ ಇದು ತುಂಬ ನೋವು ಕೊಡುವ ನಿಯಮ. ನಿಮ್ಮ ಆ ಹಾಡಿಗೆ 200 ಸಲ ಕಡಿಮೆ ಬಿದ್ದಿದೆ. ಸಾವಿರ ದಾಟಿದ್ದರೂ ಬರುತ್ತಿದ್ದುದು ಚಿಲ್ಲರೆ ಹಣವೇ. ಒಂದೊಂದು ದೇಶದ ಚಂದಾ ಮತ್ತು ಜಾಹೀರಾತಿನ ದುಡ್ಡನ್ನು ಬೇರೆ ಬೇರೆ ಗುಡ್ಡೆ ಹಾಕಿ, ಆ ದೇಶದ ಒಟ್ಟು ಕೇಳಿಕೆಯಲ್ಲಿ ನಿಮ್ಮ ಪಾಲೆಷ್ಟೋ ಅಷ್ಟನ್ನು ಕೊಡುತ್ತಾರೆ. ಭಾರತದಲ್ಲಿ ಚಂದಾ ಕಡಿಮೆ, ಪುಕ್ಕಟೆ ಕೇಳುವವರು ಜಾಸ್ತಿ. ಆದ್ದರಿಂದ ಹುಬ್ಬಳ್ಳಿಯಲ್ಲಿ ಒಬ್ಬರು ಕೇಳಿದರೆ ಬರುವುದಕ್ಕಿಂತ ಇಲ್ಲಿನ ಹ್ಯಾಮಿಲ್ಟನ್‌ನಲ್ಲಿ ಒಬ್ಬರು ಕೇಳಿದರೆ ಬರುವುದು ಹೆಚ್ಚು.

ಈಗ ಮುಖ್ಯ ಪ್ರಶ್ನೆ. ಕನ್ನಡದ ಹಾಡು ಕೆನಡಾದ ಹಾಡಾಗುತ್ತದಾ?

ಆಗುತ್ತದೆ. ಇದನ್ನು ಹೇಳುವಾಗಲೆಲ್ಲ ಎದುರಿಗೆ ಕೂತವರ ಮುಖ ನೋಡುವುದು ನನಗೆ ಇಷ್ಟ. ಏಕೆಂದರೆ ಯಾರೂ ನಂಬುವುದಿಲ್ಲ.

ಇದು ರೇಡಿಯೊ ಕಾಲದಿಂದ ಬಂದ ಲೆಕ್ಕ. ಪಕ್ಕದಲ್ಲೇ ಅಮೆರಿಕ, ಭಾಷೆ ಅದೇ ಇಂಗ್ಲಿಷ್. ಇಲ್ಲಿನ ರೇಡಿಯೊ ಇಲ್ಲಿನವರ ಹಾಡು ಹಾಕುತ್ತಿದ್ದುದೇ ಅಪರೂಪ. 1971ರಲ್ಲಿ ಸರ್ಕಾರದ ಪ್ರಸಾರ ನಿಯಂತ್ರಣ ಸಂಸ್ಥೆ ಸಿಆರ್‌ಟಿಸಿ ಒಂದು ನಿಯಮ ತಂದಿತು. ರೇಡಿಯೊದಲ್ಲಿ ಹಾಕುವ ಹಾಡುಗಳಲ್ಲಿ ಶೇ 30ರಷ್ಟು ಕೆನಡಾದ್ದಿರಬೇಕು. ಮುಂದೆ ಜನಪ್ರಿಯ ಸಂಗೀತಕ್ಕೆ ಅದು ಶೇ 35 ಆಯಿತು. ಕೆನಡಾದ ಹಾಡು ಅಂದರೆ ಯಾವುದು ಎಂದು ಹೇಳಲು ನಾಲ್ಕು ಅಕ್ಷರದ ಲೆಕ್ಕ ಮಾಡಿದರು: ಎಂ, ಎ, ಪಿ, ಎಲ್. ಹಳೆಯ ಕೆನಡಾ ಸಿಡಿಯ ಹಿಂಬದಿ ನೋಡಿ. ರೊಟ್ಟಿಯನ್ನು ನಾಲ್ಕು ತುಂಡು ಮಾಡಿದ ಹಾಗೆ ಒಂದು ಪುಟ್ಟ ವೃತ್ತ ಇರುತ್ತದೆ, ತುಂಡಿಗೊಂದು ಅಕ್ಷರ. ರಾಗ ಹಾಕಿದವರು ಕೆನಡಾದವರಾದರೆ ಎಂ. ಮುಖ್ಯವಾಗಿ ಹಾಡಿದವರು ಅಥವಾ ನುಡಿಸಿದವರು ಕೆನಡಾದವರಾದರೆ ಎ. ಪೂರ್ತಿ ಕೆನಡಾದಲ್ಲೇ ರೆಕಾರ್ಡ್ ಆಗಿದ್ದರೆ ಪಿ. ಸಾಹಿತ್ಯ ಕೆನಡಾದವರದಾದರೆ ಎಲ್. ನಾಲ್ಕರಲ್ಲಿ ಎರಡು ಬಂದರೆ ಸಾಕು. ಕೆನಡಾದವರು ಅಂದರೆ ಪೌರರಷ್ಟೇ ಅಲ್ಲ, ನಿಮ್ಮ ಹಾಗೆ ಪಿಆರ್ ಇರುವವರೂ ಸೇರುತ್ತಾರೆ. ಹಾಡಿನ ಭಾಷೆ ಯಾವುದು ಅಂತ ಈ ನಾಲ್ಕು ಅಕ್ಷರಗಳಲ್ಲಿ ಒಂದೂ ಕೇಳುವುದಿಲ್ಲ.

ನಿಮ್ಮ ಹಾಡುಗಳನ್ನೇ ಇಟ್ಟು ನೋಡೋಣ. ಬಸವಣ್ಣನವರ ವಚನಕ್ಕೆ ನೀವೇ ರಾಗ ಹಾಕಿ ಹಾಡಿದ್ದೀರಿ ಅಂತಿಟ್ಟುಕೊಳ್ಳಿ. ಹನ್ನೆರಡನೇ ಶತಮಾನದ ಕಲ್ಯಾಣದ ಸಾಹಿತ್ಯಕ್ಕೆ ಎಲ್ ಸಿಗುವುದಿಲ್ಲ. ರಾಗ ನಿಮ್ಮದು, ಎಂ ಬಂತು. ದನಿ ನಿಮ್ಮದು, ಎ ಬಂತು. ಮುಗಿಯಿತು, ಅದು ಕೆನಡಾದ ಹಾಡು. ಶರೀಫರ ತತ್ವಪದದ ಕಥೆ ಬೇರೆ. ಪದ ಶರೀಫರದು. ಅವರು ತೀರಿಕೊಂಡದ್ದು 1889ರಲ್ಲಿ, ಸಾಹಿತ್ಯಕ್ಕೆ ಈಗ ಹಕ್ಕುದಾರರಿಲ್ಲ. ಆದರೆ ನಮ್ಮಲ್ಲಿ ಬಹಳ ಜನ ಅದನ್ನು ಹಾಡುವುದು ಸಿ. ಅಶ್ವಥ್ ಅವರ ಧಾಟಿಯಲ್ಲಿ. ಅವರು ಹೋದದ್ದು 2009ರಲ್ಲಿ, ಅವರು ಹಾಕಿದ ರಾಗದ ಹಕ್ಕು ಇನ್ನೂ ಎಷ್ಟೋ ವರ್ಷ ಇರುತ್ತದೆ. ನೀವು ಆ ಧಾಟಿ ಬಳಸಿದರೆ ಎಂ ಹೋಯಿತು, ಮೇಲೆ ಅನುಮತಿಯೂ ಬೇಕು. ಉಳಿಯುವುದು ಎ ಒಂದೇ. ಪಿ ಸಿಗಬೇಕಾದರೆ ಎಲ್ಲವೂ ಇಲ್ಲೇ ರೆಕಾರ್ಡ್ ಆಗಿರಬೇಕು. ಇಲ್ಲೇ ನಮ್ಮವರು ಎಡವುವುದು. ದನಿ ಮಿಸ್ಸಿಸ್ಸಾಗಾದ ನೆಲಮಾಳಿಗೆಯಲ್ಲಿ, ತಬಲಾ ಹುಬ್ಬಳ್ಳಿಯಲ್ಲಿ, ಕೊಳಲು ಬೆಂಗಳೂರಿನಲ್ಲಿ. ಫೈಲುಗಳು ಇಂಟರ್ನೆಟ್‌ನಲ್ಲಿ ಬಂದು ಸೇರುತ್ತವೆ. ಹಾಡು ಚೆನ್ನಾಗಿಯೇ ಆಗುತ್ತದೆ, ಆದರೆ ಪಿ ಅಕ್ಷರ ಸಿಗುವುದಿಲ್ಲ.

ಈ ಲೆಕ್ಕ ಎಷ್ಟು ಕಟ್ಟುನಿಟ್ಟೆಂದರೆ, ಒಂಟಾರಿಯೊದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಹೆಸರಾಂತ ಗಾಯಕ ಬ್ರಯಾನ್ ಆಡಮ್ಸ್ ಅಂಥವರೇ 1991ರಲ್ಲಿ ಇದರಲ್ಲಿ ಸಿಕ್ಕಿಬಿದ್ದರು. ಹೊರದೇಶದ ನಿರ್ಮಾಪಕರ ಜೊತೆ ಕೂಡಿ ಬರೆದ ಹಾಡುಗಳು ಅಂತ ಅವು ಕೆನಡಾದ ಹಾಡುಗಳಲ್ಲ ಎಂದಾಯಿತು. ದೊಡ್ಡ ಗಲಾಟೆ ಆಗಿ, 1993ರಲ್ಲಿ ಕೂಡಿ ಬರೆಯುವವರಿಗೆ ಜಾಗ ಆಗುವಂತೆ ನಿಯಮ ಬದಲಾಯಿತು. ಟಿವಿಯಲ್ಲೂ ಹೀಗೇ. ಕೆನಡಾದ ಲೇಖಕಿಯ ಕಾದಂಬರಿ, ಟೊರೊಂಟೊದಲ್ಲಿ ಶೂಟಿಂಗ್, ಆದರೂ ಅಮೆರಿಕದ ಕಂಪನಿಯ ಸರಣಿ ಅನ್ನುವ ಕಾರಣಕ್ಕೆ ಕೆನಡಾದ್ದು ಅನ್ನಿಸಿಕೊಳ್ಳಲಿಲ್ಲ. ಹಾಡಿನ ನಾಲ್ಕು ಅಕ್ಷರದ ನಿಯಮವನ್ನು ಸರಳ ಮಾಡುವ ಕೆಲಸವೂ ನಡೆಯುತ್ತಿದೆ. ಆದ್ದರಿಂದ ಅನುದಾನಕ್ಕೆ ಅರ್ಜಿ ಹಾಕುವ ವಾರ ಸಿಆರ್‌ಟಿಸಿ ಪುಟವನ್ನು ಒಮ್ಮೆ ಓದಿಕೊಳ್ಳಿ.

ಇನ್ನು ಹಣದ ಮಾತು. ಇಲ್ಲಿನ ಕೇಬಲ್ ಕಂಪನಿಗಳು, ಟಿವಿ ಚಾನೆಲ್‌ಗಳು ತಮ್ಮ ಆದಾಯದಲ್ಲಿ ಒಂದು ಪಾಲನ್ನು ಕೆನಡಾದ ಕಾರ್ಯಕ್ರಮಗಳಿಗೆ ಕೊಡುತ್ತ ಬಂದಿವೆ. ಜನ ಕೇಬಲ್ ತೆಗೆಸಿ ನೆಟ್‌ಫ್ಲಿಕ್ಸ್ ಹಾಕಿಸಿಕೊಂಡರು. ಕೊಡುವವರ ಆದಾಯ ಕರಗುತ್ತ ಬಂತು, ಆದಾಯ ಬೆಳೆಯುತ್ತಿರುವವರಿಗೆ ಕೊಡುವ ಕಟ್ಟುಪಾಡೇ ಇರಲಿಲ್ಲ. ಈ ಕಾನೂನಿನ ಬೇರು ಇಷ್ಟೇ. 2024ರ ಜೂನ್‌ನಲ್ಲಿ ಸಿಆರ್‌ಟಿಸಿ ಹೇಳಿದ್ದೇನೆಂದರೆ, ಕೆನಡಾದಲ್ಲಿ ವರ್ಷಕ್ಕೆ 2.5 ಕೋಟಿ ಡಾಲರ್ ಅಥವಾ ಹೆಚ್ಚು ಆದಾಯ ಇರುವ, ಇಲ್ಲಿನ ಪ್ರಸಾರ ಕಂಪನಿಗಳಿಗೆ ಸೇರದ ಸ್ಟ್ರೀಮಿಂಗ್ ಸೇವೆಗಳು ಆದಾಯದ ಶೇ 5ರಷ್ಟು ವಂತಿಗೆ ಕೊಡಬೇಕು. ವರ್ಷಕ್ಕೆ ಸುಮಾರು 20 ಕೋಟಿ ಡಾಲರ್ ಆಗಬಹುದೆಂಬ ಅಂದಾಜು. ಜನಸಾಮಾನ್ಯರು ಹಾಕುವ ವಿಡಿಯೊಗಳಿಂದ ಬರುವ ಆದಾಯವನ್ನು ಈ ಲೆಕ್ಕದಿಂದ ಹೊರಗಿಟ್ಟರು.

ಈ ಹಣ ಯಾರ ಖಾತೆಗೂ ನೇರವಾಗಿ ಬರುವುದಿಲ್ಲ. ಅರ್ಜಿ ನೋಡಿ ಅನುದಾನ ಕೊಡುವ ನಿಧಿಗಳಿಗೆ ಹೋಗುತ್ತದೆ. ಹಾಡಿನ ಸೇವೆಗಳು ಕೊಡುವ ಶೇ 5ರಲ್ಲಿ ಶೇ 2ರಷ್ಟು ಫ್ಯಾಕ್ಟರ್ ಮತ್ತು ಮ್ಯೂಸಿಕ್ಯಾಕ್ಷನ್ ಅನ್ನುವ ಎರಡು ಸಂಸ್ಥೆಗಳಿಗೆ. ಫ್ರೆಂಚ್ ಹಾಡುಗಳನ್ನು ಮ್ಯೂಸಿಕ್ಯಾಕ್ಷನ್ ನೋಡಿಕೊಳ್ಳುತ್ತದೆ, ಉಳಿದವರ ಬಾಗಿಲು ಫ್ಯಾಕ್ಟರ್. ಇನ್ನೊಂದು ಪಾಲು ಸಣ್ಣ ಊರುಗಳ ರೇಡಿಯೊ ಸುದ್ದಿಗೆ ಹೋಗುತ್ತದೆ. ಹಾಡಿನ ದುಡ್ಡಿನಿಂದ ಸುದ್ದಿ ಯಾಕೆ ಸಾಕಬೇಕು ಎಂದು ಕಂಪನಿಗಳು ತಕರಾರು ಎತ್ತಿವೆ. ಈ ಒಂದು ಮಾತಿನಲ್ಲಿ ನನಗೂ ಅವರ ಕಡೆ ನ್ಯಾಯ ಕಾಣುತ್ತದೆ. ಕಲಾವಿದರಿಗೆ ಅಂತ ಎತ್ತಿದ ಹಣ ಕಲಾವಿದರಿಗೇ ಹೋಗಬೇಕು. ನಿಮ್ಮ ಸ್ನೇಹಿತರಲ್ಲಿ ಯಾರಾದರೂ ಸಿನಿಮಾ ಮಾಡುವವರಿದ್ದರೆ, ಕರಿಯರು ಮತ್ತು ಬಿಳಿಯರಲ್ಲದ ಇತರ ಸಮುದಾಯದವರಿಗೆಂದೇ ಇರುವ ಕೆನಡಿಯನ್ ಇಂಡಿಪೆಂಡೆಂಟ್ ಸ್ಕ್ರೀನ್ ಫಂಡ್ ಕೂಡ ಈ ಪಟ್ಟಿಯಲ್ಲಿದೆ ಎಂದು ಹೇಳಿ.

ಆದರೆ ಈ ಹಣವನ್ನು ನಂಬಿ ಈ ವರ್ಷ ಆಲ್ಬಮ್ಮಿಗೆ ಮುಂಗಡ ಕೊಡಬೇಡಿ. ಆ್ಯಪಲ್, ಅಮೆಜಾನ್, ಸ್ಪಾಟಿಫೈ, ಜೊತೆಗೆ ಸಿನಿಮಾ ಕಂಪನಿಗಳ ಒಕ್ಕೂಟ ನ್ಯಾಯಾಲಯಕ್ಕೆ ಹೋದವು. ಹಣ ಕಟ್ಟುವುದಕ್ಕೆ 2024ರ ಡಿಸೆಂಬರ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತಡೆ ಕೊಟ್ಟಿತು. 2025ರ ಜೂನ್‌ನಲ್ಲಿ ವಾದ ಕೇಳಿತು. ಅತ್ತ ಅಮೆರಿಕದ ವ್ಯಾಪಾರದ ಒತ್ತಡವೂ ಇದೆ. ದೊಡ್ಡ ಟೆಕ್ ಕಂಪನಿಗಳ ಮೇಲೆ ಹಾಕಿದ್ದ ಶೇ 3ರ ಡಿಜಿಟಲ್ ಸೇವಾ ತೆರಿಗೆಯನ್ನು ಕೆನಡಾ 2025ರ ಜೂನ್ ಕೊನೆಯಲ್ಲಿ ಅದೇ ಒತ್ತಡಕ್ಕೆ ಕೈಬಿಟ್ಟಿತು. ಅಂದಹಾಗೆ ಫ್ಯಾಕ್ಟರ್ ಹುಟ್ಟಿದ್ದು 1982ರಲ್ಲಿ. ಸ್ಟ್ರೀಮಿಂಗ್ ಹಣ ಬರಲಿ ಬಿಡಲಿ, ಅದರ ಬಾಗಿಲು ತೆರೆದೇ ಇದೆ.

ಕಂಪನಿಗಳು ಈ ಹೊರೆಯನ್ನು ಚಂದಾದಾರರ ಮೇಲೆ ಹಾಕುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಹಾಕಬಹುದು. ಫ್ರಾನ್ಸ್ 2024ರಲ್ಲಿ ಹಾಡಿನ ಸ್ಟ್ರೀಮಿಂಗ್ ಮೇಲೆ ಶೇ 1.2 ತೆರಿಗೆ ತಂದಾಗ ಸ್ಪಾಟಿಫೈ ಅಲ್ಲಿ ಬೆಲೆ ಏರಿಸಿತು, ಎರಡು ಸಂಗೀತೋತ್ಸವಗಳಿಗೆ ಕೊಡುತ್ತಿದ್ದ ಬೆಂಬಲವನ್ನೂ ನಿಲ್ಲಿಸಿತು. ಇಷ್ಟಾದರೂ ಈ ವಂತಿಗೆ ಸರಿ ಎಂದೇ ನಾನು ನಂಬುತ್ತೇನೆ. ಈ ನೆಲದಲ್ಲಿ ದುಡಿದು ಗಳಿಸುವವರು ಈ ನೆಲದ ಹಾಡಿಗೆ ಸ್ವಲ್ಪ ಕೊಡಲಿ.

ಊರಿನ ಕೇಳುಗರು ಕೈತಪ್ಪುತ್ತಾರಾ ಅನ್ನುವ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಕಾನೂನು ಸಂಸತ್ತಿನಲ್ಲಿದ್ದಾಗ ಕೆನಡಾದ ಯೂಟ್ಯೂಬರುಗಳೇ ಸಮಿತಿಯ ಮುಂದೆ ಹೋಗಿ ಇದನ್ನು ಹೇಳಿದರು. ವಾದ ಹೀಗಿದೆ. ಯೂಟ್ಯೂಬ್ ಒಂದು ವಿಡಿಯೊವನ್ನು ಕೆಲವರಿಗೆ ತೋರಿಸಿ ನೋಡುತ್ತದೆ. ಪೂರ್ತಿ ನೋಡಿದರೆ ಇನ್ನಷ್ಟು ಜನಕ್ಕೆ ತೋರಿಸುತ್ತದೆ. ಹತ್ತು ಸೆಕೆಂಡಿಗೆ ದಾಟಿ ಹೋದರೆ, ಇದು ಬೇಡದ ವಿಡಿಯೊ ಅಂದುಕೊಳ್ಳುತ್ತದೆ. ಈಗ ಕೆನಡಾದ ಹಾಡು ಎಂದು ನಿಮ್ಮ ವಚನವನ್ನು ಕ್ಯಾಲ್ಗರಿಯ ಹಾಕಿ ಆಟದ ಅಭಿಮಾನಿಯ ಮುಂದೆ ಇಟ್ಟರೆ ಅವರು ದಾಟಿ ಹೋಗುತ್ತಾರೆ. ಆ ದಾಟಿ ಹೋದ ಲೆಕ್ಕ ಧಾರವಾಡದವರಿಗೂ ನಿಮ್ಮನ್ನು ತೋರಿಸದ ಹಾಗೆ ಮಾಡಬಹುದು. ನಿಮ್ಮಂಥವರಿಗೆ, ಅಂದರೆ ಇಲ್ಲಿ ಕೂತು ಅಲ್ಲಿಗೆ ಹಾಡುವವರಿಗೆ, ಇದರ ಪೆಟ್ಟು ಎಲ್ಲರಿಗಿಂತ ಜಾಸ್ತಿ.

ಸದ್ಯಕ್ಕೆ ಹಾಗಾಗಿಲ್ಲ. ನಿರ್ದಿಷ್ಟ ಅಲ್ಗಾರಿದಂ (ಯಾರಿಗೆ ಏನು ತೋರಿಸಬೇಕು ಎನ್ನುವ ಕಂಪ್ಯೂಟರ್ ಲೆಕ್ಕ) ಬಳಸಿ ಎಂದು ಆದೇಶಿಸುವ ಅಧಿಕಾರ ಸಿಆರ್‌ಟಿಸಿಗೆ ಇಲ್ಲ ಎಂದು ಕಾನೂನೇ ಹೇಳುತ್ತದೆ. ಸಾಮಾಜಿಕ ಜಾಲದಲ್ಲಿ ತಾವೇ ಮಾಡಿ ಹಾಕುವವರ ಮೇಲೆ ಕಟ್ಟುಪಾಡು ಬೇಡ ಎಂದು 2023ರ ನವೆಂಬರ್‌ನಲ್ಲಿ ಸರ್ಕಾರ ಸಿಆರ್‌ಟಿಸಿಗೆ ನಿರ್ದೇಶನ ಕೊಟ್ಟಿತು. ಆದರೂ ಒಂದು ಕಿಂಡಿ ಉಳಿದಿದೆ. ಕೆನಡಾದ ಕಾರ್ಯಕ್ರಮಗಳನ್ನು ಎದ್ದು ಕಾಣುವಂತೆ ತೋರಿಸಬೇಕು ಅನ್ನುವ ಆಶಯ ಕಾನೂನಿನಲ್ಲಿದೆ. ಜನಸಾಮಾನ್ಯರ ವಿಡಿಯೊಗಳನ್ನು ಕಾನೂನಿನ ಒಳಗೇ ಇನ್ನಷ್ಟು ಸ್ಪಷ್ಟವಾಗಿ ಹೊರಗಿಡಲು ಸಂಸತ್ತಿನ ಮೇಲ್ಮನೆಯಾದ ಸೆನೆಟ್ ತಂದ ತಿದ್ದುಪಡಿಯನ್ನು ಸರ್ಕಾರ ಒಪ್ಪಲಿಲ್ಲ. ಇವತ್ತಿನ ಸಂಪುಟ ಕೊಟ್ಟ ನಿರ್ದೇಶನವನ್ನು ನಾಳೆಯ ಸಂಪುಟ ಬದಲಿಸಬಹುದು. ಕಂಪನಿಯಿಂದ ಹಣ ಕೇಳುವುದನ್ನು ನಾನು ಒಪ್ಪುತ್ತೇನೆ. ಯಾರ ಕಣ್ಣಿಗೆ ಏನು ಬೀಳಬೇಕು ಎಂದು ಸರ್ಕಾರ ಹೇಳುವುದನ್ನು ಒಪ್ಪುವುದಿಲ್ಲ. ಕಂಪನಿ ಯಾವ ಲೆಕ್ಕದಲ್ಲಿ ತೋರಿಸುತ್ತಿದೆ ಎಂದು ಕಲಾವಿದರಿಗೆ ತಿಳಿಸಿ ಅಂತ ಕಾನೂನು ಕೇಳಿದರೆ ನಮಗೆ ಅದರಿಂದ ಹೆಚ್ಚು ಲಾಭ.

ಹಾಗಾದರೆ ನೀವೇನು ಮಾಡಬಹುದು?

ಏನೂ ಮಾಡದೆ ಈಗಿನ ಹಾಗೇ ಹಾಡಿಕೊಂಡಿರಬಹುದು. ಅದರಲ್ಲಿ ತಪ್ಪಿಲ್ಲ, ಕಾನೂನು ನಿಮ್ಮನ್ನು ಮುಟ್ಟುವುದಿಲ್ಲ. ಸ್ವಲ್ಪ ಮುಂದೆ ಹೋಗುವ ಮನಸ್ಸಿದ್ದರೆ ಸೋಕ್ಯಾನ್ ಸದಸ್ಯರಾಗಿ. ರಾಗ ಹಾಕಿದವರು, ಸಾಹಿತ್ಯ ಬರೆದವರ ಪರವಾಗಿ ಹಣ ಸಂಗ್ರಹಿಸುವ ಸಂಸ್ಥೆ ಅದು, ಭಾರತದಲ್ಲಿ ಐಪಿಆರ್‌ಎಸ್ ಇದ್ದ ಹಾಗೆ. ನಿಮ್ಮ ಸ್ವಂತ ಭಾವಗೀತೆಗಳನ್ನೂ ವಚನಗಳಿಗೆ ಹಾಕಿದ ರಾಗಗಳನ್ನೂ ಅಲ್ಲಿ ದಾಖಲಿಸಿ. ಇದರಲ್ಲಿ ಕಳೆದುಕೊಳ್ಳುವುದು ಒಂದು ಭಾನುವಾರ ಅಷ್ಟೇ.

ಅನುದಾನದ ಅರ್ಜಿ ಇದಕ್ಕಿಂತ ಭಾರದ ಕೆಲಸ. ಖರ್ಚಿನ ಒಂದು ಭಾಗವನ್ನು ಮಾತ್ರ ಕೊಡುತ್ತಾರೆ, ಉಳಿದದ್ದು ನಿಮ್ಮ ಕೈಯಿಂದಲೇ. ಪ್ರತಿ ಖರ್ಚಿಗೂ ರಸೀದಿ ಬೇಕು. ಬಂದ ಹಣ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಮೊದಲೇ ಲೆಕ್ಕಿಗರನ್ನು ಕೇಳಿ. ಕನ್ನಡ ಗೊತ್ತಿಲ್ಲದ ತೀರ್ಪುಗಾರರು ನಿಮ್ಮ ಹಾಡು ಕೇಳುತ್ತಾರೆ. ಹಾಗಾಗಿ ಸಾಹಿತ್ಯದ ಒಳ್ಳೆಯ ಇಂಗ್ಲಿಷ್ ಅನುವಾದ ಜೊತೆಗಿರಲಿ. ವಚನ ಅಂದರೇನು ಎಂದು ನಾಲ್ಕೇ ಸಾಲಿನಲ್ಲಿ ಹೇಳಿ, ದೊಡ್ಡ ಪೀಠಿಕೆ ಬೇಡ. ಕೆನಡಾ ಕೌನ್ಸಿಲ್ ಫಾರ್ ದಿ ಆರ್ಟ್ಸ್, ಒಂಟಾರಿಯೊ ಆರ್ಟ್ಸ್ ಕೌನ್ಸಿಲ್ ಕೂಡ ಇವೆ. ಮೊದಲ ಸಲ ಸಿಗದಿದ್ದರೆ ಎದೆಗುಂದಬೇಡಿ. ನನ್ನ ಬಳಿ ಬರುವವರಲ್ಲಿ ಬಹಳ ಮಂದಿಗೆ ಸಿಕ್ಕಿದ್ದು ಎರಡನೇ ಮೂರನೇ ಸಲ.

ಬೆಂಗಳೂರಿನ ಆಡಿಯೊ ಕಂಪನಿಗೆ ಹಾಡು ಕೊಟ್ಟುಬಿಡುವುದು ಇನ್ನೊಂದು ದಾರಿ. ಕೇಳುಗರು ಬೇಗ ಸಿಗುತ್ತಾರೆ, ನಿಜ. ಆದರೆ ಒಂದೇ ಮೊತ್ತಕ್ಕೆ ಎಲ್ಲ ಹಕ್ಕನ್ನೂ ಬರೆದುಕೊಟ್ಟರೆ, ಮುಂದೆ ಅದೇ ಹಾಡಿಗೆ ಇಲ್ಲಿ ಅನುದಾನ ಕೇಳುವುದು ಕಷ್ಟ. ನನ್ನ ಬಳಿ ಬಂದ ಒಬ್ಬ ಗಾಯಕ ಹತ್ತು ಹಾಡುಗಳನ್ನು ಹೀಗೆ ಕೊಟ್ಟಿದ್ದರು. ಕರಾರು ಒಂದೂವರೆ ಪುಟ. ಅದರಲ್ಲಿ "ಶಾಶ್ವತವಾಗಿ" ಅನ್ನುವ ಪದ ಮೂರು ಕಡೆ ಇತ್ತು. ಓದಿದಿರಾ ಎಂದು ಕೇಳಿದೆ. ಹಾಡು ಹೊರಗೆ ಬರುತ್ತದೆ ಅನ್ನುವ ಸಂತೋಷದಲ್ಲಿ ಓದಲಿಲ್ಲ ಅಂದರು. ಆ ಮುಖ ಇನ್ನೂ ಕಣ್ಣ ಮುಂದಿದೆ.

ಕರ್ನಾಟಕದ ಸೆಸ್ ಬಗ್ಗೆ ಕೇಳಿದ್ದೀರಿ. 2024ರ ಜುಲೈನಲ್ಲಿ ವಿಧಾನಮಂಡಲ ಒಪ್ಪಿದ ಕಾನೂನು ಅದು. ಸಿನಿಮಾ ಟಿಕೆಟ್ ಮೇಲೆ, ಒಟಿಟಿ ಚಂದಾ ಹಣದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಬಹುದು. ಎರಡೂ ಕಡೆ ಒಟಿಟಿಯಿಂದ ಹಣ ಬರುತ್ತದೆ ಅನ್ನುವುದು ಬಿಟ್ಟರೆ ಉದ್ದೇಶ ಬೇರೆ. ಅಲ್ಲಿನ ಹಣ ಸಿನಿಮಾ ಮತ್ತು ಸಾಂಸ್ಕೃತಿಕ ಕೆಲಸಗಾರರ ಕ್ಷೇಮನಿಧಿಗೆ. ಲೈಟ್ ಹಿಡಿಯುವವರು, ಮೇಕಪ್ ಮಾಡುವವರು, ಕಲಾವಿದರು ಕಷ್ಟಕ್ಕೆ ಸಿಕ್ಕಾಗ ಆಸರೆಗೆ. ಇಲ್ಲಿನದು ಹೊಸ ಕೆಲಸ ಹುಟ್ಟಿಸುವುದಕ್ಕೆ. ನಮಗೆ ಎರಡೂ ಬೇಕು. ಒಟಿಟಿಗಳು ಕೊಳ್ಳಲಿಲ್ಲ ಎಂದು ಕನ್ನಡದ ಒಂದು ವೆಬ್ ಸರಣಿಯನ್ನು ಮಾಡಿದವರೇ 2024ರಲ್ಲಿ ತಮ್ಮದೇ ವೆಬ್‌ಸೈಟ್ ಕಟ್ಟಿ ಬಿಡುಗಡೆ ಮಾಡಬೇಕಾಯಿತು. ಕ್ಷೇಮನಿಧಿಯಿಂದ ಆ ಕಷ್ಟ ತೀರುವುದಿಲ್ಲ. ಕನ್ನಡದಲ್ಲಿ ಹೊಸದನ್ನು ಮಾಡಿಸಲು ಒಂದು ಪಾಲು ತೆಗೆದಿಡಿ ಎಂದು ಕೇಳುವುದಕ್ಕೆ ರಾಜ್ಯದ ಕೈಯಲ್ಲಿ ಅಧಿಕಾರ ಕಡಿಮೆ. ಪ್ರಸಾರದ ವಿಷಯ ಕೇಂದ್ರದ ಪಟ್ಟಿಯಲ್ಲಿದೆ, ಒಟಿಟಿಯನ್ನು ನೋಡಿಕೊಳ್ಳುವುದೂ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯವೇ. ಆ ಮಾತನ್ನು ದೆಹಲಿಯಲ್ಲಿ ಆಡಬೇಕು.

ನೀವು ಕಳಿಸಿದ ಮೂರು ಲಿಂಕ್‌ಗಳನ್ನೂ ಕೇಳಿದೆ. ಎರಡನೇ ವಚನದಲ್ಲಿ ತಬಲಾ ತುಂಬ ಚೆನ್ನಾಗಿದೆ, ಆದರೆ ನುಡಿಸಿದವರ ಹೆಸರು ಎಲ್ಲೂ ಇಲ್ಲ. ಮೂರನೆಯದರಲ್ಲಿ ರಾಗ ಯಾರದು ಎಂದೂ ಬರೆದಿಲ್ಲ. ಅನುದಾನದ ಅರ್ಜಿಯಲ್ಲಿ ಮೊದಲು ಕೇಳುವುದೇ ಇವನ್ನು. ವರ್ಷ ಕಳೆದ ಮೇಲೆ ನೆನಪೂ ಇರುವುದಿಲ್ಲ, ಫೋನ್ ನಂಬರೂ ಬದಲಾಗಿರುತ್ತದೆ. ಈ ವಾರವೇ ಆ ತಬಲಾ ವಾದಕರಿಗೆ ಫೋನ್ ಮಾಡಿ. ಹೆಸರು, ರೆಕಾರ್ಡ್ ಆದ ಊರು, ದಿನ, ಕೊಟ್ಟ ಹಣ, ಈ ಹಾಡಿನಲ್ಲಿ ಬಳಸಲು ಒಪ್ಪಿಗೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಉಳಿದ ಹಾಡುಗಳಿಗೂ ಅದೇ ಹಾಳೆ ಬಳಸಬಹುದು.